ರಿಜಿಸ್ಟರಿನಲ್ಲಿ ಸಿಗದ ಸಾವುಗಳನ್ನು ಎಣಿಸಿದ್ದು

ನಮ್ಮ ಕಡೆಯ ಕೆಲವು ಹಳ್ಳಿಗಳಲ್ಲಿ ವಯಸ್ಕರ ಸಾವು ಎಷ್ಟರಮಟ್ಟಿಗೆ ನೋಂದಣಿ ಆಗುತ್ತಿದೆ ಎಂದು ಅಳೆಯುವ ಕೆಲಸ ನನ್ನ ಪಾಲಿಗೆ ಬಂತು. 21 ದಿನದೊಳಗೆ ನೋಂದಾಯಿಸಬೇಕು ಎಂಬುದು ನಿಯಮ. ಆದರೆ ರಿಜಿಸ್ಟರಿನಲ್ಲಿ ಇಲ್ಲದವರನ್ನು ರಿಜಿಸ್ಟರ್ ನೋಡಿ ಎಣಿಸೋಕಾಗಲ್ಲ, ಅಲ್ವಾ?

ಎರಡು ಜನಗಣತಿ ಇಟ್ಟುಕೊಂಡು ಅಂದಾಜು ಮಾಡುವ ದಾರಿಗಳಿವೆ. ಸಣ್ಣ ಜಾಗಕ್ಕೆ ಅವು ಒಗ್ಗುವುದಿಲ್ಲ. ಕೆಲಸಕ್ಕೆಂದು ಊರು ಬಿಟ್ಟು ಬೆಂಗಳೂರು ಸೇರಿದವರೂ ಆ ಅಂದಾಜಿನಲ್ಲಿ ಸತ್ತವರ ಲೆಕ್ಕಕ್ಕೆ ಹೋಗಿಬಿಡುತ್ತಾರೆ. ಹಾಗಾಗಿ ಸಿ. ಚಂದ್ರಶೇಖರನ್ ಮತ್ತು ಎಡ್ವರ್ಡ್ಸ್ ಡೆಮಿಂಗ್ ಎಂಬ ಸಂಖ್ಯಾಶಾಸ್ತ್ರಜ್ಞರು 1949ರಲ್ಲಿ ಪ್ರಕಟಿಸಿದ ವಿಧಾನ ಹಿಡಿದೆ. ಕಲ್ಕತ್ತಾ ಹತ್ತಿರದ ಸಿಂಗೂರಿನ ಅಂಕಿಗಳ ಮೇಲೆ ಅವರು ಅದನ್ನು ಮಾಡಿ ತೋರಿಸಿದ್ದರು.

ಒಂದು ಪಟ್ಟಿ ರಿಜಿಸ್ಟರಿನದು, ಇನ್ನೊಂದು ಮನೆಮನೆಗೆ ಹೋಗಿ ಕೇಳಿ ಬರೆದದ್ದು. ರಿಜಿಸ್ಟರಿನಲ್ಲಿ 40 ಸಾವು, ಸಮೀಕ್ಷೆಯಲ್ಲಿ 45, ಎರಡರಲ್ಲೂ ಇರುವವು 36 ಎಂದಿಟ್ಟುಕೊಳ್ಳಿ. 45ರಲ್ಲಿ 36 ರಿಜಿಸ್ಟರಿನಲ್ಲಿ ಸಿಕ್ಕವು, ಅಂದರೆ ನೋಂದಣಿ ಶೇ. 80. ರಿಜಿಸ್ಟರಿನ 40 ಒಟ್ಟಿನ ಶೇ. 80 ಆದರೆ ಒಟ್ಟು ಸಾವು 50.

ಲೆಕ್ಕ ಸುಲಭ. ಹೆಸರು ಹೊಂದಿಸೋದು ಕಷ್ಟ. ದಾಖಲೆಯಲ್ಲಿ ಲಕ್ಷ್ಮಮ್ಮ, ಊರವರ ಬಾಯಲ್ಲಿ ಕೆಂಪಜ್ಜಿ. ತಾರೀಕು ಕೇಳಿದರೆ "ಗೌರಿ ಹಬ್ಬ ಆದ ಮಾರನೇ ದಿನ" ಅನ್ನುತ್ತಾರೆ. ಪಂಚಾಂಗ ತೆಗೆದು ನೋಡಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡವರ ನೋಂದಣಿ ಊರಲ್ಲಿ ಆಗುವುದಿಲ್ಲ, ಆಸ್ಪತ್ರೆ ಇರುವ ಪಟ್ಟಣದಲ್ಲಿ ಆಗುತ್ತದೆ. ಅಲ್ಲಿಯ ರಿಜಿಸ್ಟರನ್ನೂ ಹುಡುಕದೆ 'ನೋಂದಣಿ ಆಗಿಲ್ಲ' ಎಂದು ಬರೆಯಬಾರದು. ಆಶಾ ಕಾರ್ಯಕರ್ತೆಯರ ಬಳಿ ಇದ್ದ ಸಾವಿನ ಪಟ್ಟಿಯನ್ನು ಸಮೀಕ್ಷೆಗೆ ಮೊದಲೇ ಕೈಗೆ ತೆಗೆದುಕೊಳ್ಳಲಿಲ್ಲ; ಅದನ್ನು ನೋಡಿಕೊಂಡು ಕೇಳಿದರೆ ನಮ್ಮ ಪಟ್ಟಿ ಸ್ವತಂತ್ರವಾಗಿ ಉಳಿಯುವುದಿಲ್ಲ. ಒಂದು ಪಟ್ಟಿ ಇನ್ನೊಂದರ ನಕಲಾದರೆ ಈ ವಿಧಾನಕ್ಕೆ ಅರ್ಥವೇ ಇಲ್ಲ.

ಜಮೀನು ಇದ್ದ ಗಂಡಸು ಸತ್ತರೆ ಮಕ್ಕಳು ತಾವಾಗಿಯೇ ಓಡಿ ಬರುತ್ತಾರೆ. ಪೌತಿ ಖಾತೆಗೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋದಕ್ಕೆ, ಮರಣ ಪ್ರಮಾಣಪತ್ರ ಕೇಳುತ್ತಾರೆ. ಹೆಸರಲ್ಲಿ ಒಂದು ಗುಂಟೆಯೂ ಇಲ್ಲದ ಮುದುಕಿ ಸತ್ತರೆ ಆ ಕಾಗದ ಯಾರಿಗೂ ಬೇಡ. "ಏನಕ್ಕೆ ಮಾಡಿಸೋದು ಸಾರ್?" ಎಂದು ಮನೆಯವರೇ ಕೇಳಿದರು. ಒಟ್ಟು ಶೇಕಡಾವಾರಿನಲ್ಲಿ ಇಂಥವರು ಕಾಣದೇ ಹೋಗುತ್ತಾರೆ. ಅದಕ್ಕೇ ಗಂಡಸರು, ಹೆಂಗಸರು, ಅರವತ್ತು ದಾಟಿದವರು ಎಂದು ಬೇರೆ ಬೇರೆ ಲೆಕ್ಕ ಹಾಕಿದೆ. ಗುಂಪು ಮಾಡಿ ಎಣಿಸಿ ಎಂದು ಚಂದ್ರಶೇಖರನ್, ಡೆಮಿಂಗ್ ಕೂಡ ಹೇಳಿದ್ದರು.

ಒಬ್ಬಂಟಿಯಾಗಿದ್ದವರು ಸತ್ತರೆ ಮನೆಗೆ ಬೀಗ ಬೀಳುತ್ತದೆ, ಉತ್ತರ ಹೇಳುವವರೇ ಇರುವುದಿಲ್ಲ. ಬೀಗ ಹಾಕಿದ ಪ್ರತಿ ಮನೆಯ ಬಗ್ಗೆ ಅಕ್ಕಪಕ್ಕದವರನ್ನು ಕೇಳಿದೆ. ಹಾಗೆ ಕೇಳಿದ್ದರಿಂದ ಎರಡೂ ಪಟ್ಟಿಯಿಂದ ತಪ್ಪಿಹೋಗುತ್ತಿದ್ದ ಕೆಲವರು ಸಿಕ್ಕರು, ಎಲ್ಲರೂ ಅಲ್ಲ. ಆದ್ದರಿಂದ ನಮಗೆ ಬಂದ ಶೇಕಡಾವಾರು ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ಇದ್ದೀತು ಎಂದು ವರದಿಯ ಮೊದಲ ಪುಟದಲ್ಲೇ ಬರೆದು ಕೊಟ್ಟೆ.