ಸ್ಲೋ ಕುಕ್ಕರಿನಲ್ಲಿ ಘೀ ರೈಸ್ ಉದುರುದುರಾಗಿ ಬರಬೇಕಾದರೆ

ಅಮೆರಿಕದಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಮಕ್ಕಳಲ್ಲಿ ಸ್ಲೋ ಕುಕ್ಕರ್, ಅಂದರೆ ಮಂದ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆ, ಇಟ್ಟುಕೊಂಡವರು ಬಹಳ ಜನ. ದಿನದ ಅನ್ನಕ್ಕೆ ಅದು ಬೇಡ. ಪ್ರೆಷರ್ ಕುಕ್ಕರ್ ಮೂರು ಸಲ ಕೂಗಿದರೆ ಆಗುವ ಕೆಲಸಕ್ಕೆ ಎರಡು ಗಂಟೆ ಯಾಕೆ ಕಾಯಬೇಕು, ಅಲ್ವಾ? ಆದರೆ ಯುಗಾದಿಗೋ ರಾಜ್ಯೋತ್ಸವಕ್ಕೋ ಏಳೆಂಟು ಜನ ಊಟಕ್ಕೆ ಬರುವ ದಿನ ಒಲೆಯ ಮೇಲೆ ಸಾಗು, ಪಲ್ಯ, ಪಾಯಸ ಎಲ್ಲ ಕೂತಿರುತ್ತವೆ. ಆಗ ಸಾಗುವಿಗೆ ಜೊತೆಯಾಗುವ ಘೀ ರೈಸನ್ನು ಸ್ಲೋ ಕುಕ್ಕರಿನಲ್ಲಿಟ್ಟರೆ ತನ್ನ ಪಾಡಿಗೆ ಬೇಯುತ್ತದೆ, ಬಡಿಸುವವರೆಗೂ ಬಿಸಿಯಾಗಿರುತ್ತದೆ.

ಮೊದಲು ಅಕ್ಕಿ. ಸೋನಾ ಮಸೂರಿ ಬೇಡ, ಈ ನಿಧಾನದ ಬಿಸಿಯಲ್ಲಿ ಅದು ಮುದ್ದೆಯಾಗಿಬಿಡುತ್ತದೆ. ಹಳೆಯ ಬಾಸ್ಮತಿ ಒಳ್ಳೆಯದು. ಮೊದಲ ಸಲ ಮಾಡುವವರು ಇಂಡಿಯನ್ ಅಂಗಡಿಯಲ್ಲಿ ಸಿಗುವ ಸೇಲಾ ಬಾಸ್ಮತಿ ತನ್ನಿ. ಅದು ಕುಸುಬಿದ ಅಕ್ಕಿ, ಸ್ವಲ್ಪ ಹೆಚ್ಚು ಹೊತ್ತು ಬೆಂದರೂ ಕಾಳು ಒಡೆಯುವುದಿಲ್ಲ. ಮಾಮೂಲಿ ಬಾಸ್ಮತಿಯನ್ನು ನೀರು ತಿಳಿಯಾಗುವ ತನಕ ತೊಳೆದು, ಇಪ್ಪತ್ತು ನಿಮಿಷ ನೆನೆಸಿ, ಚೆನ್ನಾಗಿ ಬಸಿಯಿರಿ.

ಎರಡು ಲೋಟ ಅಕ್ಕಿಗೆ ಮೂರು ದೊಡ್ಡ ಚಮಚ ತುಪ್ಪ. ಬಾಣಲೆಯಲ್ಲಿ ಗೋಡಂಬಿ ಕೆಂಪಗೆ ಹುರಿದು ಎತ್ತಿಟ್ಟುಕೊಳ್ಳಿ. ಅದೇ ತುಪ್ಪಕ್ಕೆ ಚಕ್ಕೆ, ಲವಂಗ, ಏಲಕ್ಕಿ, ಪಲಾವ್ ಎಲೆ, ಸೀಳಿದ ಹಸಿಮೆಣಸಿನಕಾಯಿ, ಉದ್ದಕ್ಕೆ ಹೆಚ್ಚಿದ ಈರುಳ್ಳಿ ಹಾಕಿ ಬಾಡಿಸಿ. ಆಮೇಲೆ ಅಕ್ಕಿ. ಸಣ್ಣ ಉರಿಯಲ್ಲಿ ಮೆಲ್ಲಗೆ ಕೈಯಾಡಿಸಿ, ಕಾಳಿನ ಅಂಚು ಗಾಜಿನ ಹಾಗೆ ಹೊಳೆಯಬೇಕು, ಸೌಟಿನಿಂದ ಬಿಡಿಬಿಡಿಯಾಗಿ ಜಾರಬೇಕು. ಈ ಎರಡು ಮೂರು ನಿಮಿಷ ಉಳಿಸೋಕೆ ಹೋಗಬೇಡಿ. ಸ್ಲೋ ಕುಕ್ಕರಿಗೆ ಹುರಿಯುವಷ್ಟು ಕಾವು ಬರುವುದೇ ಇಲ್ಲ, ತುಪ್ಪದ ಘಮ ಬರುವುದೆಲ್ಲ ಇಲ್ಲೇ.

ಒಳಗಿನ ಪಿಂಗಾಣಿ ಪಾತ್ರೆಗೆ ಅಂಚಿನವರೆಗೂ ತುಪ್ಪ ಸವರಿ ಅಕ್ಕಿ ಸುರಿಯಿರಿ. ಉಪ್ಪು, ನಾಲ್ಕು ಹನಿ ನಿಂಬೆರಸ, ಮೂರು ಲೋಟ ನೀರು. ಸೇಲಾ ಆದರೆ ನಾಲ್ಕು ಲೋಟ. ಒಲೆಯ ಮೇಲಿನಂತೆ ಇಲ್ಲಿ ನೀರು ಆವಿಯಾಗಿ ಹೋಗುವುದಿಲ್ಲ, ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಒಳಗೇ ಬೀಳುತ್ತದೆ. ಅದಕ್ಕೇ ಅಂದಾಜಿನ ಮೇಲೆ ಇನ್ನೊಂಚೂರು ಸುರಿಯಬಾರದು. ಹಾಕುವಾಗ ನೀರು ಕುದಿಯುತ್ತಿರಲೇಬೇಕು. ತಣ್ಣೀರು ಹಾಕಿದರೆ ಅಕ್ಕಿ ಉಗುರುಬೆಚ್ಚಗಿನ ನೀರಿನಲ್ಲೇ ತುಂಬ ಹೊತ್ತು ಕೂತು, ಮೇಲೆಲ್ಲ ಅಂಟಾಗಿ ನಡುವೆ ಗಟ್ಟಿ ಉಳಿಯುತ್ತದೆ. ಆದರೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಪಾತ್ರೆಗೆ ಮಾತ್ರ ಕುದಿಯುವ ನೀರು ಸುರಿಯಬೇಡಿ, ಪಿಂಗಾಣಿ ಬಿರುಕು ಬಿಡುತ್ತದೆ.

ಇನ್ನು ಮುಚ್ಚಳದ ಕೆಳಗೆ ಒಣಗಿದ ತೆಳು ಹತ್ತಿ ಬಟ್ಟೆ ಹರಡಿ, ಅಂಚುಗಳನ್ನು ಮೇಲಕ್ಕೆ ಮಡಚಿ ಮುಚ್ಚಳದ ಮೇಲೇ ಕಟ್ಟಿ, ಕೆಳಗೆ ಇಳಿಬಿಡಬೇಡಿ. ಬೀಳುವ ಹನಿಯನ್ನೆಲ್ಲ ಬಟ್ಟೆ ಹೀರಿಕೊಳ್ಳುತ್ತದೆ, ಮೇಲಿನ ಅನ್ನ ಒದ್ದೆಯಾಗುವುದಿಲ್ಲ. ಕುಕ್ಕರಿನ ಗುಂಡಿಯನ್ನು ‘ಹೈ’, ಅಂದರೆ ಹೆಚ್ಚು ಬಿಸಿಗೆ ಇಡಿ. ಬಾಸ್ಮತಿಗೆ ಒಂದೂವರೆ ಗಂಟೆ, ಸೇಲಾಕ್ಕೆ ಎರಡು ಗಂಟೆ ಹತ್ತಿರ. ಸುಮ್ನೆ ಹೇಗಾಯ್ತು ಅಂತ ತೆಗೆದು ನೋಡಬೇಡಿ. ಒಂದು ಸಲ ಮುಚ್ಚಳ ಎತ್ತಿದರೆ ಹೋದ ಬಿಸಿ ವಾಪಸ್ ಬರೋಕೆ ಇಪ್ಪತ್ತು ನಿಮಿಷವಾದರೂ ಬೇಕು. ನೋಡಲೇಬೇಕೆಂದರೆ ಒಂದೂಕಾಲು ಗಂಟೆಯಾದಾಗ ಒಂದೇ ಸಲ. ಹಸಿ ಬಟಾಣಿ ಹಾಕುವುದಿದ್ದರೆ ಆಗಲೇ ಹಾಕಿ. ಬೆಂದ ಮೇಲೆ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಫೋರ್ಕಿನಿಂದ ಅಂಚಿನಿಂದ ಒಳಕ್ಕೆ ಬಿಡಿಸಿ, ಗೋಡಂಬಿ ಉದುರಿಸಿ.

ರಾಜ್ಮಾ ಸೇರಿಸುವ ಆಸೆಯಿದ್ದರೆ ಹಸಿ ಕಾಳು ಹಾಕಲೇಬೇಡಿ. ಅದರಲ್ಲಿರುವ ವಿಷದ ಅಂಶ ಈ ಮಂದ ಬಿಸಿಗೆ ಹೋಗುವುದಿಲ್ಲ, ವಾಂತಿ ಭೇದಿಯಾಗುತ್ತದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿ, ಮೆತ್ತಗಾದ ಮೇಲೆ ಹಾಕಿ.

ಬಡಿಸುವುದು ತಡವಾದರೆ ಬಿಸಿ ಆರದಂತೆ ಇಡುವ ‘ವಾರ್ಮ್’ನಲ್ಲಿ ಒಂದೆರಡು ಗಂಟೆ ಇಡಬಹುದು, ಆಮೇಲೆ ಅಂಚು ಒಣಗುತ್ತದೆ. ಅನ್ನದ ಬಿಸಿ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು. ಆಫ್ ಮಾಡಿ ಹಾಗೇ ಬಿಟ್ಟರೆ ಬೇಯಿಸಿದರೂ ಸಾಯದೆ ಅಕ್ಕಿಯಲ್ಲಿ ಉಳಿದ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಿಕ್ಕಿದ್ದನ್ನು ಅಗಲದ ತಟ್ಟೆಗೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿ. ಮಾರನೆಯ ದಿನ ನೀರು ಚಿಮುಕಿಸಿ ಬಾಣಲೆಯಲ್ಲೇ ಹಬೆಯಾಡುವಷ್ಟು ಬಿಸಿ ಮಾಡಿ. ತಣ್ಣಗಿನ ಅನ್ನವನ್ನು ಬಿಸಿ ಮಾಡೋಕೆ ಮತ್ತೆ ಸ್ಲೋ ಕುಕ್ಕರಿಗೆ ಹಾಕಬೇಡಿ.