ಬಿಲ್ಡ್ ಫೋಲ್ಡರ್ ಪೂರ್ತಿ ಅಳಿಸುವ ಮೊದಲು ಇಷ್ಟು ನೋಡಿ

ದೊಡ್ಡ ಸಾಫ್ಟ್‌ವೇರ್ ಪ್ರಾಜೆಕ್ಟ್ ಬಿಲ್ಡ್ (ಕೋಡಿನಿಂದ ಓಡುವ ಪ್ರೋಗ್ರಾಂ ತಯಾರಿ) ಆಗುತ್ತಿಲ್ಲ ಅಂತ ಯಾರನ್ನು ಕೇಳಿದರೂ ಒಂದೇ ಉತ್ತರ: ಫೋಲ್ಡರ್ ಡಿಲೀಟ್ ಮಾಡಿ, ಮೊದಲಿಂದ ಶುರು ಮಾಡಿ. 32 ಕೋರ್ ಸರ್ವರ್ ಇದ್ದವರಿಗೆ ಅದು ಸರಿ. ಜುಲೈ ತಿಂಗಳಲ್ಲಿ ಸೋಮವಾರಪೇಟೆಯಲ್ಲೋ ಭಾಗಮಂಡಲದಲ್ಲೋ ಕೂತು, ಕರೆಂಟ್ ಲೈನ್ ಮೇಲೆ ಯಾವಾಗ ಮರ ಬೀಳುತ್ತದೋ ಅಂತ ಕಾಯುತ್ತಾ, 8 ಜಿಬಿ ರ‍್ಯಾಮ್ ಇರುವ ಡೆಸ್ಕ್‌ಟಾಪ್‌ನಲ್ಲಿ ಎಲ್‌ಎಲ್‌ವಿಎಂ (ಕಂಪೈಲರ್ ಕಟ್ಟಲು ಬಳಸುವ ದೊಡ್ಡ ಪ್ರಾಜೆಕ್ಟ್) ಬಿಲ್ಡ್ ಮಾಡುವವರು ಹೀಗೆ ಅಳಿಸಿದರೆ ರಾತ್ರಿಯಿಡೀ ಆದ ಕೆಲಸ ಹೋಯಿತು ಅಂತಲೇ ಲೆಕ್ಕ. ಬೋರರ್ (ಕಾಂಡ ಕೊರೆಯುವ ಹುಳು) ಹೊಡೆದ ಕಾಫಿ ಗಿಡ ಕೀಳುತ್ತೇವೆ, ತೋಟ ಕಡಿಯುವುದಿಲ್ಲ, ಅಲ್ವಾ?

ಮೊದಲು ಎಲ್ಲಿ ನಿಂತಿದೆ ನೋಡಿ. ಸಿಮೇಕ್ (ಬಿಲ್ಡ್‌ಗೆ ಬೇಕಾದ್ದನ್ನು ಪರೀಕ್ಷಿಸಿ ತಯಾರಿ ಮಾಡುವ ಟೂಲ್) ಓಡುವಾಗಲೇ ನಿಂತಿತಾ, ಕಂಪೈಲ್ (ಕೋಡನ್ನು ಮೆಷಿನ್ ಭಾಷೆಗೆ ತಿರುಗಿಸುವುದು) ಆಗುವಾಗಲಾ, ಲಿಂಕ್ (ಆ ತುಂಡುಗಳನ್ನು ಜೋಡಿಸುವುದು) ಮಾಡುವಾಗಲಾ? ಪರದೆಯ ಕೊನೆಯ ಸಾಲನ್ನು ಕಾಪಿ ಮಾಡಿ ಹುಡುಕಬೇಡಿ. ಮೇಲಕ್ಕೆ ಹೋಗಿ ಮೊದಲ ಎರರ್ ಹಿಡಿಯಿರಿ, ಕೆಳಗಿನದೆಲ್ಲ ಹೆಚ್ಚಾಗಿ ಅದರ ಬಾಲ.

ಸಿಮೇಕ್‌ನಲ್ಲೇ ನಿಂತಿದ್ದರೆ, ಮೊದಲು ನೀವು ಕೊಟ್ಟಿರುವ ಫೋಲ್ಡರ್ ಸರಿಯಾ ನೋಡಿ. ಎಲ್‌ಎಲ್‌ವಿಎಂ 2019ರಲ್ಲಿ ಒಂದೇ ಗಿಟ್ ರೆಪೊಗೆ (ಕೋಡ್ ಇಡುವ ಜಾಗಕ್ಕೆ) ಬಂತು. ಸಿಮೇಕ್‌ಗೆ ತೋರಿಸಬೇಕಾದದ್ದು ಅದರ ಒಳಗಿರುವ ಎಲ್‌ಎಲ್‌ವಿಎಂ ಫೋಲ್ಡರ್, ಹೊರಗಿನದಲ್ಲ. ಕ್ಲ್ಯಾಂಗ್ (ಇದರದೇ ಸಿ, ಸಿ++ ಕಂಪೈಲರ್) ಅನ್ನು ಟೂಲ್ಸ್ ಫೋಲ್ಡರ್ ಒಳಗೆ ಇಡಿ ಅಂತ ಹೇಳುವ ಹಳೇ ಗೈಡ್ ಸಿಕ್ಕರೆ ಮುಚ್ಚಿಬಿಡಿ.

ಜಾಸ್ತಿ ತಲೆ ತಿನ್ನುವುದು ಕ್ಯಾಶ್. ಸಿಮೇಕ್ ಒಮ್ಮೆ ಪರೀಕ್ಷೆ ಮಾಡಿದ್ದನ್ನು ಬಿಲ್ಡ್ ಫೋಲ್ಡರ್‌ನ ಕ್ಯಾಶ್ ಫೈಲಿನಲ್ಲಿ ಬರೆದಿಡುತ್ತದೆ. ಯಾವುದೋ ಹೆಡರ್ (ಲೈಬ್ರರಿ ಬಳಸಲು ಬೇಕಾದ ಫೈಲ್) ಇಲ್ಲ ಅಂತ ಒಮ್ಮೆ ಬರೆದುಕೊಂಡರೆ, ಆಮೇಲೆ ನೀವು ಆ ಪ್ಯಾಕೇಜ್ ಹಾಕಿದರೂ ಇಲ್ಲ ಅಂತಲೇ ಹಟ ಹಿಡಿಯುತ್ತದೆ. ಕ್ಯಾಶ್ ಫೈಲ್ ಎಡಿಟರ್‌ನಲ್ಲಿ ತೆರೆಯಿರಿ, ಆ ಹೆಸರು ಹುಡುಕಿ, ಆ ಒಂದು ಸಾಲು ಅಳಿಸಿ ಸಿಮೇಕ್ ಮತ್ತೆ ಓಡಿಸಿ, ಅಷ್ಟೇ. ಇನ್ನೊಂದು ಮಾತು: ಎಲ್‌ಎಲ್‌ವಿಎಂನಲ್ಲಿ ಝಡ್‌ಲಿಬ್ (ಡೇಟಾ ಕುಗ್ಗಿಸುವ ಲೈಬ್ರರಿ) ಆಪ್ಷನ್‌ಗೆ 'ಆನ್' ಅಂದರೆ 'ಸಿಕ್ಕರೆ ಬಳಸು' ಅಂತ. ಸಿಗದಿದ್ದರೆ ಎರರ್ ಕೊಡದೆ ಬಿಟ್ಟು ಮುಂದೆ ಹೋಗುತ್ತದೆ. ಬೇಕೇ ಬೇಕು ಅನ್ನುವುದಾದರೆ 'ಫೋರ್ಸ್ ಆನ್' ಕೊಡಿ, ಸಿಗದಿದ್ದರೆ ಅಲ್ಲೇ ನಿಲ್ಲುತ್ತದೆ.

ಲಿಂಕ್ ಮಾಡುವಾಗ 'ಕಿಲ್ಡ್' ಅಂತ ಬಂದರೆ ಕೋಡಿನಲ್ಲಿ ತಪ್ಪು ಹುಡುಕಬೇಡಿ. ರ‍್ಯಾಮ್ ಸಾಲದೆ ಕರ್ನೆಲ್ (ಲಿನಕ್ಸ್‌ನ ತಿರುಳು) ಲಿಂಕರನ್ನು ಸಾಯಿಸಿರುತ್ತದೆ, ಡಿಮೆಸೇಜ್ (ಕರ್ನೆಲ್ ಸಂದೇಶ ತೋರಿಸುವ ಕಮಾಂಡ್) ನೋಡಿದರೆ ಗೊತ್ತಾಗುತ್ತದೆ. ಡಿಬಗ್ ಬಿಲ್ಡ್ ಬಿಟ್ಟು ರಿಲೀಸ್ ಹಾಕಿ, ಅಸರ್ಷನ್ (ಕೋಡಿನೊಳಗಿನ ತಪಾಸಣೆ) ಬೇಕಿದ್ದರೆ ಬೇರೆಯಾಗಿ ಆನ್ ಮಾಡಬಹುದು. ಏನೂ ಹೇಳದಿದ್ದರೆ ಎಲ್ಲಾ ಪ್ರೊಸೆಸರ್‌ಗೂ ಬಿಲ್ಡ್ ಆಗುತ್ತದೆ, ಹಾಗಾಗಿ ಟಾರ್ಗೆಟ್ ಎಕ್ಸ್86 (ಇಂಟೆಲ್, ಎಎಂಡಿ ಪ್ರೊಸೆಸರ್) ಒಂದೇ ಅಂತ ಕೊಡಿ. ಒಟ್ಟಿಗೆ ನಡೆಯುವ ಲಿಂಕ್‌ಗಳ ಸಂಖ್ಯೆ 1 ಮಾಡಿ. ನಿಂಜಾ, ಮೇಕ್ ಎರಡೂ ಸಿಮೇಕ್ ತಯಾರು ಮಾಡಿದ್ದನ್ನು ಓಡಿಸಿ ಬಿಲ್ಡ್ ಮಾಡುವ ಟೂಲ್‌ಗಳು; ಈ ಕೊನೆಯದು ನಿಂಜಾದಲ್ಲಿ ಮಾತ್ರ ನಡೆಯುತ್ತದೆ, ಮೇಕ್‌ನಲ್ಲಿ ಅಲ್ಲ. ಹೊಸದಾಗಿ ಶುರು ಮಾಡುವವರು ಸುಮ್ನೆ ನಿಂಜಾನೇ ಹಾಕಿಕೊಳ್ಳಿ.

ಇನ್ನು ಕರೆಂಟ್ ವಿಷಯ. ಯುಪಿಎಸ್ ಕೂಗಲು ಶುರು ಮಾಡಿದ ಕೂಡಲೇ ಕಂಟ್ರೋಲ್ ಸಿ ಒತ್ತಿ. ನಿಂಜಾ ಅರ್ಧ ಬರೆದ ಫೈಲುಗಳನ್ನು ತಾನೇ ತೆಗೆದು ನಿಲ್ಲುತ್ತದೆ, ಮುಂದಿನ ಸಲ ಅಲ್ಲಿಂದಲೇ ಮುಂದುವರಿಯುತ್ತದೆ. ಒಮ್ಮೆಲೇ ಆಫ್ ಆಗಿಬಿಟ್ಟರೆ ಮಾತ್ರ ತೊಂದರೆ. ಡಿಸ್ಕಿಗೆ ಹೋಗದೆ ಉಳಿದ ಆಬ್ಜೆಕ್ಟ್ ಫೈಲುಗಳು (ಕಂಪೈಲ್ ಆದ ತುಂಡುಗಳು) ಸೊನ್ನೆ ಬೈಟ್ ಆಗಿ ಕೂತಿರಬಹುದು. ಟೈಮ್ ನೋಡಿದರೆ ಹೊಸದು, ಒಳಗೆ ಏನೂ ಇಲ್ಲ. ನಿಂಜಾ ಅದನ್ನು ಮುಗಿದ ಕೆಲಸ ಅಂದುಕೊಳ್ಳುತ್ತದೆ, ಲಿಂಕರ್ ಮಾತ್ರ ಫೈಲ್ ಫಾರ್ಮ್ಯಾಟ್ ಗುರುತಿಸಲು ಆಗುತ್ತಿಲ್ಲ ಅಂತ ಗೊಣಗುತ್ತದೆ. ಫೈಂಡ್ ಕಮಾಂಡಿನಲ್ಲಿ ಸೈಜ್ ಸೊನ್ನೆ ಇರುವ ಆಬ್ಜೆಕ್ಟ್ ಮತ್ತು ಲೈಬ್ರರಿ ಫೈಲುಗಳನ್ನು ಹುಡುಕಿ ಅಳಿಸಿ. ಅವಷ್ಟೇ ಮತ್ತೆ ಬಿಲ್ಡ್ ಆಗುತ್ತವೆ.

ಹಳೇ ಮೆಷಿನ್‌ಗಳಲ್ಲಿ ಇನ್ನೊಂದು ಕಾಟ ಇದೆ. ಮದರ್‌ಬೋರ್ಡಿನ ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಗಡಿಯಾರ ಯಾವುದೋ ಹಳೇ ವರ್ಷಕ್ಕೆ ಹೋಗುತ್ತದೆ. ನಮ್ಮ ಕಡೆ ಕರೆಂಟ್ ಜೊತೆ ನೆಟ್ ಕೂಡ ಹೋಗಿರುವುದರಿಂದ ತಾನಾಗೇ ಸರಿಯಾಗುವುದಿಲ್ಲ. ಆಗ ಹಿಂದೆ ಬರೆದ ಫೈಲುಗಳ ಟೈಮ್ ಈಗಿನದಕ್ಕಿಂತ ಮುಂದಿದ್ದಂತೆ ಕಾಣುತ್ತದೆ, ಹಾಗಾಗಿ ನಿಂಜಾ ಸಿಮೇಕ್ ಅನ್ನು ಮತ್ತೆ ಮತ್ತೆ ಓಡಿಸಿ, 100 ಸಲ ಆದಮೇಲೆ ಸೋತು ನಿಲ್ಲುತ್ತದೆ. ಕಾನ್ಫಿಗ್ ಮುಟ್ಟಬೇಡಿ. ಟೈಮ್ ಸರಿ ಮಾಡಿ, ಸಿಆರ್2032 ಸೆಲ್ ತಂದು ಹಾಕಿ.

ಕಾರಣ ಇಲ್ಲದೆ ಎಲ್ಲವೂ ಮತ್ತೆ ಬಿಲ್ಡ್ ಆಗುತ್ತಿದ್ದರೆ ನಿಂಜಾಗೆ ಡಿಬಗ್ ಆಪ್ಷನ್‌ನಲ್ಲಿ 'ಎಕ್ಸ್‌ಪ್ಲೇನ್' ಕೊಡಿ, ಯಾವ ಫೈಲ್ ಯಾಕೆ ಹಳೆಯದಾಯಿತು ಅಂತ ಅದೇ ಹೇಳುತ್ತದೆ.

ಪೂರ್ತಿ ಅಳಿಸುವ ಸಂದರ್ಭವೂ ಉಂಟು. ಕಂಪೈಲರ್ ಬದಲಿಸಿದಾಗ, ಇಲ್ಲವೇ ಮೇಕ್ ಬಿಟ್ಟು ನಿಂಜಾಗೆ ಹೋದಾಗ. ಆಗಲೂ ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಹೊಸ ಫೋಲ್ಡರ್ ಮಾಡಿ, ಹೊಸದು ಓಡಿದ ಮೇಲೆ ಹಳೆಯದು ತೆಗೆಯಿರಿ. ಹೊಸ ಫೋಲ್ಡರ್‌ನಲ್ಲಿ ಸಿಕ್ಯಾಶ್ (ಒಮ್ಮೆ ಕಂಪೈಲ್ ಆದದ್ದನ್ನು ಉಳಿಸಿ ಮತ್ತೆ ಬಳಸುವ ಟೂಲ್) ಶುರುವಿನಲ್ಲೇ ಆನ್ ಮಾಡಿ. ಅರ್ಧ ದಾರಿಯಲ್ಲಿ ಆನ್ ಮಾಡಿದರೆ ಕಂಪೈಲ್ ಕಮಾಂಡೇ ಬದಲಾಗಿ, ಆಗಿದ್ದೆಲ್ಲ ಮತ್ತೆ ಬಿಲ್ಡ್ ಆಗುತ್ತದೆ.