ಗೃಹಸಾಲ ಆರಿಸುವಾಗ ನಾನು ಹಾಕಿದ ಲೆಕ್ಕ

ಬೆಂಗಳೂರಿನಲ್ಲಿ 65 ಲಕ್ಷದ ಫ್ಲ್ಯಾಟ್, 50 ಲಕ್ಷ ಸಾಲ, 20 ವರ್ಷದ ಅವಧಿ. ನಾಲ್ಕು ಕಡೆ ವಿಚಾರಿಸಿದೆ. ಎಲ್ಲರೂ ಮೊದಲು ಹೇಳುವುದು ಬಡ್ಡಿದರ. ನಾನು ಮೊದಲು ಕೇಳಿದ್ದು, ಆ ದರ ಯಾವುದಕ್ಕೆ ಜೋಡಣೆಯಾಗಿದೆ ಎಂದು.

ಬ್ಯಾಂಕುಗಳು 2019ರ ಅಕ್ಟೋಬರ್‌ನಿಂದ ಹೊಸ ಫ್ಲೋಟಿಂಗ್ (ದರ ಬದಲಾಗುತ್ತಿರುವ) ಗೃಹಸಾಲವನ್ನು ಹೊರಗಿನ ಮಾನದಂಡಕ್ಕೆ ಜೋಡಿಸಲೇಬೇಕು. ಬಹುತೇಕ ಕಡೆ ಅದು ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ. ಮೂರು ತಿಂಗಳಿಗೊಮ್ಮೆಯಾದರೂ ದರ ಪರಿಷ್ಕರಣೆ ಆಗಬೇಕು. ಗೃಹಸಾಲ ಕಂಪನಿಗಳಿಗೆ ಈ ಕಟ್ಟುಪಾಡಿಲ್ಲ, ಅವು ತಮ್ಮದೇ ಮೂಲದರ ಇಟ್ಟುಕೊಳ್ಳುತ್ತವೆ. 2025ರಲ್ಲಿ ಫೆಬ್ರವರಿಯಿಂದ ಜೂನ್ ನಡುವೆ ರೆಪೊ 6.50ರಿಂದ 5.50ಕ್ಕೆ ಇಳಿದಾಗ ರೆಪೊಗೆ ಜೋಡಿಸಿದ ಸಾಲಗಾರರಿಗೆ ಆ ಲಾಭ ತಾನಾಗಿಯೇ ಬಂತು. ಕಂಪನಿಯ ಮೂಲದರಕ್ಕೆ ಅಂಟಿದವರಿಗೆ ಅದು ಕಂಪನಿ ಇಳಿಸಿದರೆ ಮಾತ್ರ.

ಒಂದು ಶೇಕಡಾ ಅಂದರೆ ಎಷ್ಟು? 50 ಲಕ್ಷಕ್ಕೆ 8.5ರ ದರದಲ್ಲಿ ಇಎಂಐ 43,391 ರೂಪಾಯಿ. ಮೊದಲ ತಿಂಗಳು ಅದರಲ್ಲಿ 35,417 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಬೀಳುವುದು 7,974. ಶುರುವಿನಲ್ಲೇ ದರ 9.5 ಆಗಿ ಇಎಂಐ ಅಷ್ಟೇ ಉಳಿದರೆ 240 ಕಂತು 309 ಆಗುತ್ತದೆ. 7.5ಕ್ಕೆ ಇಳಿದರೆ 205ಕ್ಕೆ ಮುಗಿಯುತ್ತದೆ. ದರ ಏರಿದಾಗ ಇಎಂಐ ಮುಟ್ಟದೆ ಅವಧಿ ಹಿಗ್ಗಿಸುವುದು ರೂಢಿ, ಹಾಗಾಗಿ ಜೇಬಿಗೆ ಬಿಸಿ ತಟ್ಟುವುದೇ ಇಲ್ಲ. ಪರಿಷ್ಕರಣೆಯ ಸಂದೇಶ ಬಂದಾಗ ಉಳಿದ ಕಂತು ಎಷ್ಟು ಎಂದು ನೋಡಿ, ಇಎಂಐಯನ್ನೇ ಏರಿಸಿ ಎಂದು ಬರೆದುಕೊಡಬಹುದು.

ಆಮೇಲೆ ನಾಲ್ಕೂ ಕಡೆಯಿಂದ ಒಂದೇ ಮೊತ್ತ, ಒಂದೇ ಅವಧಿಗೆ ಸಾಲದ ಮುಖ್ಯ ವಿವರಗಳ ಪತ್ರವಾದ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೇಳಿದೆ. 2024ರ ಅಕ್ಟೋಬರ್‌ನಿಂದ ಇದನ್ನು ಕೊಡುವುದು ಕಡ್ಡಾಯ. ಶುಲ್ಕಗಳೆಲ್ಲ ಸೇರಿದ ವಾರ್ಷಿಕ ದರ, ಅಂದರೆ ಎಪಿಆರ್, ಅದರಲ್ಲಿರುತ್ತದೆ. ಹೋಲಿಸಬೇಕಾದ್ದು ಆ ಅಂಕಿ.

ಪ್ರೊಸೆಸಿಂಗ್ ಶುಲ್ಕ ಮನ್ನಾ ಎಂದ ಕೂಡಲೇ ಒಪ್ಪಬೇಡಿ. 0.35 ಶೇಕಡಾ ಶುಲ್ಕವೆಂದರೆ ಜಿಎಸ್‌ಟಿ ಸೇರಿ 20,650. ಅದನ್ನು ಬಿಟ್ಟು ದರವನ್ನು 8.6 ಮಾಡಿದರೆ ಇಎಂಐ 317 ರೂಪಾಯಿ ಹೆಚ್ಚು. 65 ತಿಂಗಳಲ್ಲಿ ಉಳಿಸಿದ್ದೆಲ್ಲ ವಾಪಸ್. ಐದು ವರ್ಷದೊಳಗೆ ಸಾಲ ತೀರಿಸುವವರಿಗೆ ಮನ್ನಾ ಲಾಭ, ಉಳಿದವರಿಗೆ ಕಡಿಮೆ ದರವೇ ಲಾಭ.

ಒಂದು ಕಡೆಯ ಮಂಜೂರಾತಿ ಪತ್ರದಲ್ಲಿ ಸಾಲ 51 ಲಕ್ಷವಾಗಿತ್ತು. ಹೆಚ್ಚುವರಿ ಒಂದು ಲಕ್ಷ ಸಾಲದ ವಿಮೆಯ ಪ್ರೀಮಿಯಂ. ಅದಕ್ಕೂ 20 ವರ್ಷ ಬಡ್ಡಿ ಕಟ್ಟಿದರೆ ಅಸಲು ಸೇರಿ 2.08 ಲಕ್ಷ. ವಿಮೆ ಬೇಕು, ಮನೆಯವರಿಗೆ ಅದೇ ಆಸರೆ; ಆದರೆ ಪ್ರತ್ಯೇಕ ಟರ್ಮ್ ಪಾಲಿಸಿ ಮಾಡಿಸಿ ವರ್ಷವರ್ಷ ಪ್ರೀಮಿಯಂ ಕಟ್ಟುವುದು ಮೇಲು. ಸಾಲಕ್ಕೆ ಸೇರಿಸಿದ ಪ್ರೀಮಿಯಂ ತೆಗೆಸಿ ಹೊಸ ಪತ್ರ ಪಡೆಯಬಹುದು.

‘ಫಿಕ್ಸೆಡ್’ (ಬದಲಾಗದ ದರ) ಎಂದರೆ ಎಷ್ಟು ವರ್ಷಕ್ಕೆ ಎಂದು ಕೇಳಿ. ಹಲವು ಕಡೆ ಕೆಲವೇ ವರ್ಷಕ್ಕೆ. ಸ್ವಂತ ಮನೆಗೆ ವ್ಯಕ್ತಿಗಳು ಪಡೆದ ಫ್ಲೋಟಿಂಗ್ ಸಾಲವನ್ನು ಮುಂಚಿತವಾಗಿ ತೀರಿಸಲು ದಂಡವಿಲ್ಲ.

ಕೈಯಲ್ಲಿರಬೇಕಾದ ಹಣದಲ್ಲಿ ಎಡವುವವರೇ ಹೆಚ್ಚು. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಮಿತಿ ಆಸ್ತಿ ಮೌಲ್ಯದ 80 ಶೇಕಡಾ, ಆ ಮೌಲ್ಯದಲ್ಲಿ ನೋಂದಣಿ ಖರ್ಚು ಸೇರುವುದಿಲ್ಲ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2 ಶೇಕಡಾ ಆಗಿದೆ. ಮುದ್ರಾಂಕ, ಸೆಸ್ ಎಲ್ಲ ಕೂಡಿ ನಗರದಲ್ಲಿ 7.6 ಶೇಕಡಾ, ಅಂದರೆ 65 ಲಕ್ಷಕ್ಕೆ 4.94 ಲಕ್ಷ. 15 ಲಕ್ಷ ಸಾಕು ಎಂದುಕೊಂಡವರಿಗೆ 20 ಲಕ್ಷ ಬೇಕಾಗುತ್ತದೆ. ಇ-ಖಾತಾ, ಅಂದರೆ ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ, ಇಲ್ಲದೆ ನೋಂದಣಿಯಾಗದು. ಬಿ ಖಾತಾ (ಅನುಮೋದನೆಗಳು ಪೂರ್ಣವಿಲ್ಲದ) ಆಸ್ತಿಗೆ ಹೆಚ್ಚಿನ ಬ್ಯಾಂಕುಗಳು ಸಾಲ ಕೊಡುವುದಿಲ್ಲ, ಹಾಗಾಗಿ ಮುಂಗಡ ಕೊಡುವ ಮೊದಲೇ ಖಾತಾ ನೋಡಿ.

ಮೂಲಪತ್ರಗಳನ್ನು ಒಪ್ಪಿಸುವ ದಿನ ಒಂದೊಂದರ ದಿನಾಂಕ, ಸಂಖ್ಯೆ, ಪುಟಗಳನ್ನು ಬರೆದ ಪಟ್ಟಿಗೆ ಸಹಿ, ಮೊಹರು ಹಾಕಿಸಿಕೊಳ್ಳಿ. ಸಾಲ ತೀರಿದ 30 ದಿನದೊಳಗೆ ಅವು ಮರಳಬೇಕು. ಸಾಲ ಕೊಟ್ಟವರಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರವಿದೆ, ಕೇಳುವಾಗ ಆ ಪಟ್ಟಿ ಕೈಯಲ್ಲಿರಬೇಕು.